ಗುಡುಸಾಬ ತಪ್ಪಂಗಿಲ್ಲ

ಗದುಗಿನ ಛಾಪಖಾನೆಗಳಲ್ಲಿ ಮೊಳೆ ಜೋಡಿಸುವವರು ಎರಡೇ ಬಗೆ. ಅಕ್ಷರ ತಪ್ಪುವವರು ಒಂದು ಬಗೆ, ಬೆಟಗೇರಿಯ ಗುಡುಸಾಬ ಇನ್ನೊಂದು ಬಗೆ. ಊರು ಹಾಗೆ ತೀರ್ಮಾನ ಮಾಡಿಬಿಟ್ಟಿತ್ತು. ಊರು ಒಮ್ಮೆ ತೀರ್ಮಾನ ಮಾಡಿತೆಂದರೆ ಮುಗಿಯಿತು, ಆಮೇಲೆ ಆ ಮನುಷ್ಯ ತಾನೇ ಬಂದು ಕೈಮುಗಿದು ಅಲ್ಲವೆಂದರೂ ಅದು ಕೇಳುವುದಿಲ್ಲ. ಗುಡುಸಾಬನ ಬಾಳು ಕೆಟ್ಟದ್ದು ಹೀಗೆ.

ಅವನ ಅಪ್ಪ ಹತ್ತಿ ಹಿಂಜುವವನು. ಮನೆಯ ಮಾತು ಉರ್ದು, ಆದರೆ ಗುಡುಸಾಬನಿಗೆ ಉರ್ದು ಓದಲು ಬಾರದು. ನಮಾಜಿನ ಮಾತು ಅರಬ್ಬಿ, ಅದರ ಅರ್ಥ ತಿಳಿಯದು. ಕಣ್ಣಿಗೆ ಗೊತ್ತಿದ್ದ ಲಿಪಿ ಕನ್ನಡವೊಂದೇ, ಅದೂ ತಿರುವುಮುರುವಾಗಿ. ಇಪ್ಪತ್ತರ ಪ್ರಾಯದಲ್ಲಿ ನಿಜಲಿಂಗಪ್ಪನ ಛಾಪಖಾನೆಗೆ ಸೇರಿದವನು ಸೀಸದ ಮೊಳೆಗಳ ಖಾನೆಗಳ ಮುಂದೆ ನಿಂತ. ಒಂದೊಂದೇ ಅಕ್ಷರ ಹೆಕ್ಕಿ, ಎಡಗೈಯ ಪಟ್ಟಿಯಲ್ಲಿ ಉಲ್ಟಾ ಜೋಡಿಸಿ, ಸಾಲು ಕಟ್ಟುವುದು ಅವನ ಕೆಲಸ. ನೋಡದೆಯೇ ಕೈ ಖಾನೆಗೆ ಹೋಗುತ್ತಿತ್ತು.

ಅವನ ಹೆಸರು ಮೇಲೆದ್ದದ್ದು ಒಂದು ಮದುವೆ ಪತ್ರಿಕೆಯಿಂದ. ಹೈಸ್ಕೂಲಿನ ಕನ್ನಡ ಮಾಸ್ತರರೊಬ್ಬರು ಮಗಳ ಮದುವೆಗೆ ಬರೆದು ಕೊಟ್ಟಿದ್ದು 'ಆರ್ಶೀವಾದ' ಎಂದು. ಗುಡುಸಾಬ ತುಟಿಪಿಟಕ್ಕೆನ್ನದೆ 'ಆಶೀರ್ವಾದ' ಎಂದು ಜೋಡಿಸಿದ. ಮಾಸ್ತರರು ಹಾರಾಡುತ್ತ ಬಂದರು. ನಾಲ್ಕನೇ ಇಯತ್ತೆ ಓದಿದವನು ತಮ್ಮನ್ನು ತಿದ್ದುವುದೆಂದರೇನು! ನಿಜಲಿಂಗಪ್ಪ ನಿಘಂಟು ತರಿಸಿದ. ಮಾಸ್ತರರು ಪುಟ ತೆಗೆದು ನೋಡಿ, ಚಹಾ ಕುಡಿದು, ಛತ್ರಿ ಮರೆತು ಹೋದರು. ಅಂದು ನಿಜಲಿಂಗಪ್ಪ ಗಲ್ಲಾಪೆಟ್ಟಿಗೆಯ ಹಿಂದಿನ ತೇಗದ ಕುರ್ಚಿಯಲ್ಲಿ ಕುಳಿತು, ಅಂಗಡಿಗೆಲ್ಲ ಕೇಳುವಂತೆ ಹೇಳಿದ:

"ನಮ್ಮ ಗುಡುಸಾಬ ತಪ್ಪಂಗಿಲ್ಲ."

ಆ ಕುರ್ಚಿ ನಿಜಲಿಂಗಪ್ಪನ ತಂದೆಯದು. ಅಲ್ಲಿ ಕುಳಿತು ಅವನು ಆಡಿದ ಮಾತಿಗೆ ಮೇಲ್ಮಾತಿರಲಿಲ್ಲ. ಗುಡುಸಾಬ ತಲೆ ತಗ್ಗಿಸಿ ನಕ್ಕ, ಆದರೆ ಆ ರಾತ್ರಿಯ ಊಟ ಅವನಿಗೆ ರುಚಿಸಿದಷ್ಟು ಯಾವ ಊಟವೂ ರುಚಿಸಿರಲಿಲ್ಲ. ಬಡವನಿಗೆ ಸಿಕ್ಕ ಹೆಸರು ಅದು. ಅದನ್ನು ಅವನು ಜೋಪಾನ ಮಾಡಿದ ರೀತಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಎಪ್ಪತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಇನ್ಯಾಸಪ್ಪ ಆ ಛಾಪಖಾನೆಗೆ ಬಂದ. ಬೆಟಗೇರಿಯ ಒಂದು ಸಣ್ಣ ಕಥೋಲಿಕ ದೇವಾಲಯದಲ್ಲಿ ಅವನು ಉಪದೇಶಿ. ಪೂಜೆ ಮಾಡಿಸುವ ಗುರುಗಳಲ್ಲ, ಗುರುಗಳ ಕೈಕೆಳಗೆ ಮಂದಿಗೆ ಜಪ, ಧರ್ಮದ ಪಾಠ ಕಲಿಸುವವನು. ಲಕ್ಷ್ಮೇಶ್ವರದಲ್ಲಿ ನಾಲ್ಕು ಮನೆ, ಶಿರಹಟ್ಟಿಯಲ್ಲಿ ಎರಡು, ಮುಂಡರಗಿಯಲ್ಲಿ ಐದು, ಎಲ್ಲ ಕಡೆಗೂ ಸೈಕಲ್ಲು, ಇಲ್ಲವೇ ಬಸ್ಸು. ಅವನೂ ಅವನ ಹೆಂಡತಿ ಅನ್ನವ್ವನೂ ದೇವಾಲಯದ ಹಿಂದಿನ ಒಂದು ಖೋಲಿಯಲ್ಲಿ ಇದ್ದರು. ಎಂಟು ವರ್ಷ ಕುಳಿತು ಅವನು ಒಂದು ಪ್ರಶ್ನೋತ್ತರದ ಪುಸ್ತಕ ಬರೆದಿದ್ದ. ಹಳ್ಳಿಯ ಮಂದಿಗೆ ತಿಳಿಯುವಂಥ ಕನ್ನಡದಲ್ಲಿ ತಮ್ಮ ಧರ್ಮದ ಮಾತು. ಬಗಲಲ್ಲಿ ಹಿಡಿದು ತಂದಿದ್ದ ಆ ನಲವತ್ತು ಹಾಳೆ ಅವನ ಇಡೀ ಆಯುಷ್ಯದ ಗಳಿಕೆ.

ಮೊದಲ ಹಾಳೆಯ ಮೇಲೆ ಬಿಷಪ್ಪರ ಕಚೇರಿಯವರು ಎರಡು ಸಾಲು ಬರೆದು ಮೊಹರು ಒತ್ತಿದ್ದರು: 'ಅಡ್ಡಿಯಿಲ್ಲ. ಅಚ್ಚಾಗಲಿ.'

"ಇದು ನಮ್ಮ ಛಾಪಖಾನಿ ಭಾಷಾನ ಆತಲ್ರಿ ಉಪದೇಶ್ಯಾರ," ಎಂದ ಗುಡುಸಾಬ.

"ಹೌದ್ರಿ. ಪದ್ಧತಿ ಪ್ರಕಾರ ಆ ಎರಡು ಮಾತು ಇಲ್ಲದ ನಮ್ಮ ಧರ್ಮದ ಪುಸ್ತಕ ಹೊರಗ ಬರಂಗಿಲ್ಲ," ಎಂದು ಇನ್ಯಾಸಪ್ಪ ಹೆಮ್ಮೆಯಿಂದ ಮೊಹರನ್ನು ಸವರಿದ.

ಗುಡುಸಾಬ ಮೊಳೆ ಜೋಡಿಸುತ್ತಿದ್ದಾಗ ಇನ್ಯಾಸಪ್ಪ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಒಂದು ದಿನ ಗುಡುಸಾಬ ಒಂದು ಸಾಲಿನ ಮೇಲೆ ಕೈ ನಿಲ್ಲಿಸಿದ.

"ನಿಮ್ಮ ಪೈಕಿನೂ ಜಗದ್ಗುರು ಅದಾರೇನ್ರಿ?"

"ಅದಾರ್ರಿ. ರೋಮಿನಾಗ ಇರ್ತಾರ. ಪೋಪರು ಅಂತೇವಿ."

"ಅವರು ತಪ್ಪಂಗಿಲ್ಲಂತ ಬರದೀರಿ?"

"ಅಲ್ಲೇ ಐತಿ ನೋಡ್ರಿ ತ್ರಾಸ!" ಇನ್ಯಾಸಪ್ಪ ಸ್ಟೂಲು ಎಳೆದುಕೊಂಡು ಹತ್ತಿರ ಬಂದ. "ನಮ್ಮ ಮಾತಿನ್ಯಾಗ ತಪ್ಪ ಅಂದ್ರ ಎರಡೂ ಆತು. ಕಳವು ಮಾಡಿದ್ರೂ ತಪ್ಪ, ದಾರಿ ಚುಕ್ಕಾದ್ರೂ ತಪ್ಪ. ತಪ್ಪಿಲ್ಲದವರು ಅಂತ ಬರದ್ರ, ಪೋಪರು ಪಾಪಾನ ಮಾಡಂಗಿಲ್ಲ ಅಂತ ನಮ್ಮ ಮಂದಿ ತಿಳಕೊಂತಾರ. ಅದು ಖರೆ ಅಲ್ಲ. ಪೋಪರೂ ಇನ್ನೊಬ್ಬ ಸ್ವಾಮಿಗಳ ಮುಂದ ಮೊಣಕಾಲೂರಿ ತಮ್ಮ ಪಾಪ ಹೇಳಿಕೊಂತಾರ."

"ಯಾರ ಮುಂದ?"

"ಯಾರರ ಒಬ್ಬ ಸಾದಾ ಸ್ವಾಮಿಗಳು. ಅವರು ಕೇಳಿ, ಕ್ಷಮಾ ಆತು ಏಳ್ರಿ ಅಂತಾರ."

ಗುಡುಸಾಬನಿಗೆ ಇದು ಬಹಳ ಹಿಡಿಸಿತು. "ಹಂಗಾರ ತಪ್ಪಂಗಿಲ್ಲ ಅನ್ನೂದು ಯಾವಾಗ?"

"ಪೀಠದ ಮ್ಯಾಲ ಕುಂತು, ನಮ್ಮ ಸಭೆ ಅಷ್ಟಕ್ಕೂ, ವಿಶ್ವಾಸದ ಮಾತು ಇಲ್ಲಾ ನೀತಿ ಮಾತು, ಇದು ಹಿಂಗ ಅಂತ ನಿಶ್ಚಯಿಸಿ ಸಾರಿದಾಗ. ಅಷ್ಟ. ಅದು ಅಪರೂಪ. ಉಳಿದ ಮಾತಿಗೆ ಮರ್ಯಾದಿ ಕೊಡಬೇಕು, ಕೇಳಬೇಕು. ಆದ್ರ ಅವು ಪೀಠದ ಮಾತಲ್ಲ." ಅವನು ದನಿ ತಗ್ಗಿಸಿದ. "ಹೋದ ವರ್ಷ ಇದನ್ನ ಹೇಳಾಕ ಹೋಗೇ ನಾನು ಬೈಸಿಕೊಂಡದ್ದು."

ಆ ಕಥೆ ಊರಿಗೆಲ್ಲ ಗೊತ್ತಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಮುಂಡರಗಿಯ ಒಬ್ಬ ಕಸಗುಡಿಸುವವನನ್ನು, ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳದಿದ್ದರೆ ಕೆಲಸದಿಂದ ತೆಗೆಯುತ್ತೇವೆಂದು ಹೆದರಿಸಿದ್ದರು. ಅವನು ಮಾಡಿಸಿಕೊಂಡ. ಹೊಸದಾಗಿ ಬಂದಿದ್ದ ಗುರುಗಳು, ಅದು ಧರ್ಮಕ್ಕೆ ವಿರುದ್ಧವೆಂದು ಅವನಿಗೆ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಕೊಡಲಿಲ್ಲ. ಇನ್ಯಾಸಪ್ಪ ಎಲ್ಲರೆದುರಿಗೆ ಎದ್ದು ನಿಂತು, ಪೋಪರು ಅದನ್ನು ಪೀಠದಿಂದ ಸಾರಿದ್ದಲ್ಲ, ಹೆದರಿ ಮಾಡಿದವನ ಮೇಲೆ ದಯೆ ಇರಲಿ ಎಂದುಬಿಟ್ಟ. ಅಂದಿನಿಂದ ಗುರುಗಳ ಕಣ್ಣು ಅವನ ಮೇಲೆ ಇತ್ತು.

ಹೀಗೆ ಸೋಸಿ ಸೋಸಿ ಅವನು ಹಿಡಿದ ಶಬ್ದ 'ಪ್ರಮಾದರಹಿತ'. ಸಾಲು ಇಷ್ಟು: 'ಪೀಠದಿಂದ ನಿಶ್ಚಯಿಸಿ ಸಾರುವಾಗ ಪೋಪರು ಪ್ರಮಾದರಹಿತರು.' ಪ್ರೂಫು ನೋಡುವಾಗ ಅವನಿಗೆ ಮತ್ತೆ ಅನುಮಾನ ಬಂತು. ಅಂಚಿನಲ್ಲಿ 'ಮನುಷ್ಯರಾಗಿ ಪ್ರಮಾದಸಹಿತರಾದರೂ' ಎಂದು ಬರೆದ. ಗುರುಗಳ ನೆನಪಾಗಿ ಅದನ್ನು ಹೊಡೆದು ಹಾಕಿದ. ಕೆಳಗೆ ಸಹಿ ಮಾಡಿ ಕೊಟ್ಟ.

ಆ ಶುಕ್ರವಾರ ಮದುವೆಯ ಹಂಗಾಮು. ಮಷೀನು ನಡೆಸುವ ಉಳವಪ್ಪ ಒಂದೇ ಸಮನೆ ಕೂಗುತ್ತಿದ್ದ, ಜುಮ್ಮಾದ ನಮಾಜಿಗೆ ಹೊತ್ತಾಗಿತ್ತು. ಜೋಡಿಸಿದ ಪುಟಗಳನ್ನು ಚೌಕಟ್ಟಿಗೆ ಬಿಗಿದು ಎತ್ತುವಾಗ ಒಂದು ಪುಟದ ಕೊನೆಯ ಸಾಲು ಸಡಿಲಾಗಿ ಮೊಳೆಗಳು ಉದುರಿದವು.

"ಜಲ್ದಿ ಮಾಡ್ರಿ ಗುಡುಸಾಬಣ್ಣಾ, ಕರೆಂಟ್ ಹೋಗತೈತಿ!" ಎಂದ ಉಳವಪ್ಪ.

ಸಾಲು ಚಿಕ್ಕದು, ಒಂದೇ ಶಬ್ದ. ಗುಡುಸಾಬ ನೆನಪಿನಿಂದಲೇ ಮತ್ತೆ ಜೋಡಿಸಿದ. ಸಾಲು ಬಿಚ್ಚಿದರೆ ಮತ್ತೊಮ್ಮೆ ಪ್ರೂಫು ತೆಗೆಯಬೇಕೆಂಬುದು ಕಸುಬಿನ ನಿಯಮ. ಆ ನಿಯಮ ತಪ್ಪುವವರಿಗೆ. ಅವನು ಕೈ ತೊಳೆದು ಮಸೀದಿಗೆ ನಡೆದ.

ಇಪ್ಪತ್ತೆಂಟು ವರ್ಷಗಳಲ್ಲಿ ಆ ಕೈ ಎಷ್ಟು ಸಾವಿರ ಮದುವೆ ಪತ್ರಿಕೆ ಜೋಡಿಸಿತ್ತೋ! 'ತಾವು ಬಂಧುಮಿತ್ರರ ಸಹಿತ ಆಗಮಿಸಿ.' 'ಕುಟುಂಬ ಸಹಿತ ಬಂದು.' ಮುಂಜಾನೆಯಿಂದ ಅದನ್ನೇ ಜೋಡಿಸಿದ್ದ. 'ಹಿ' ಮತ್ತು 'ತ' ಬರುತ್ತವೆಂದರೆ ಅವುಗಳ ಮುಂದೆ ನಿಲ್ಲಬೇಕಾದ ಅಕ್ಷರ ಕೈಗೆ ಗೊತ್ತಿತ್ತು. ಕೈ 'ರ' ಖಾನೆಗೆ ಹೋಗಲಿಲ್ಲ, 'ಸ' ಖಾನೆಗೆ ಹೋಯಿತು.

ಐದುನೂರು ಪ್ರತಿ ಅಚ್ಚಾದವು. ಇನ್ಯಾಸಪ್ಪ ಒಂದು ಪ್ರತಿಯನ್ನು ಗುಡುಸಾಬನಿಗೆ ಕೊಟ್ಟು ಅವನ ಎರಡೂ ಕೈ ಹಿಡಿದುಕೊಂಡ. ದೇವಾಲಯದಲ್ಲಿ ಭಾನುವಾರದ ಪೂಜೆಯ ನಂತರ ಮಂದಿ ಒಕ್ಕೊರಲಿನಿಂದ ಪ್ರಶ್ನೋತ್ತರ ಹೇಳತೊಡಗಿದರು. ಬಾಯಿಪಾಠ ಮಾಡುವವರು ಅರ್ಥ ನೋಡುತ್ತಾರೆಯೇ? ಪೋಪರು ಪ್ರಮಾದಸಹಿತರು, ಪೋಪರು ಪ್ರಮಾದಸಹಿತರು ಎಂದು ನಲವತ್ತು ಮಂದಿ ಕೈಜೋಡಿಸಿ ಭಕ್ತಿಯಿಂದ ಹಾಡಿದರು. ಎರಡು ಭಾನುವಾರ ಯಾರ ಗಮನಕ್ಕೂ ಬರಲಿಲ್ಲ. ಮೂರನೆಯ ಭಾನುವಾರ ಗುರುಗಳು ಪುಸ್ತಕ ಕಸಿದುಕೊಂಡು ನೋಡಿದರು.

ಮರುದಿನ ಅವರು ಛಾಪಖಾನೆಗೆ ಬಂದರು. "ಬಿಷಪ್ಪರು ಒಪ್ಪಿದ ಪ್ರತಿಯಲ್ಲಿ ಇದು ಹೀಗಿರಲಿಲ್ಲ. ಇದು ನಿಮ್ಮ ತಪ್ಪೋ, ಅವನು ಪ್ರೂಫಿನಲ್ಲಿ ತಿದ್ದಿದ್ದೋ? ನನಗೆ ಅಷ್ಟು ಹೇಳಿ ಸಾಕು," ಎಂದರು.

ಗುಡುಸಾಬ ಪುಟ ನೋಡಿದ. ನೋಡಿದ ಕೂಡಲೇ ತಿಳಿಯಿತು. ಉದುರಿದ ಮೊಳೆ, ಉಳವಪ್ಪನ ಕೂಗು, ಎಲ್ಲ ಕಣ್ಣ ಮುಂದೆ ಬಂತು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ನಿಜಲಿಂಗಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ನೋಡ್ರಿ ಫಾದರ್, ನಮ್ಮ ಗುಡುಸಾಬ ತಪ್ಪಂಗಿಲ್ಲ. ಇಪ್ಪತ್ತೆಂಟು ವರ್ಷದಾಗ ಒಂದು ಅಕ್ಷರ ತಪ್ಪಿಲ್ಲ. ಗದಗಿನಾಗ ಯಾರನ್ನ ಬೇಕಾದ್ರೂ ಕೇಳ್ರಿ. ಏ ಗುಡುಸಾಬ, ಆ ಸಹಿ ಮಾಡಿದ ಪ್ರೂಫ್ ತಗೊಂಬಾ, ತೋರಿಸಿಬಿಡೋಣು."

ಪ್ರೂಫಿನ ಹಾಳೆಗಳನ್ನು ಒಳಗಿನ ಖೋಲಿಯ ಗೋಡೆಯ ಮೊಳೆಗೆ ಚುಚ್ಚಿಡುವುದು ರೂಢಿ. ಗುಡುಸಾಬ ಒಳಗೆ ಹೋದ. ಹಾಳೆ ಅಲ್ಲೇ ಇತ್ತು. 'ಪ್ರಮಾದರಹಿತರು' ಎಂದು ಸ್ವಚ್ಛವಾಗಿತ್ತು, ಅಂಚಿನಲ್ಲಿ ಹೊಡೆದು ಹಾಕಿದ ಬರಹ, ಕೆಳಗೆ ಇನ್ಯಾಸಪ್ಪನ ಸಹಿ. ಅದನ್ನು ಹೊರಗೆ ತಂದರೆ ಇನ್ಯಾಸಪ್ಪ ಉಳಿಯುತ್ತಾನೆ. ನಿಜಲಿಂಗಪ್ಪ ಒಂದಿಷ್ಟು ಕೂಗಾಡಿಯಾನು, ಕೆಲಸದಿಂದ ತೆಗೆಯಲಾರ. ಇದೆಲ್ಲ ಗುಡುಸಾಬನಿಗೆ ಗೊತ್ತಿತ್ತು. ಖರೆ ಹೇಳಬೇಕೆಂದರೆ ಅವನಿಗೆ ಹೊಟ್ಟೆಯ ಭಯವಿರಲಿಲ್ಲ. ಹೋಗುವುದು ಹೆಸರೊಂದೇ. ಆ ಹೆಸರಿಗಾಗಿ ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಳಿಸಿದ.

"ಇಲ್ರಿ ಧಣ್ಯಾರ. ಚಾದ ಒಲಿಗೆ ಹೋಗಿರಬೇಕು."

ಗುರುಗಳಿಗೆ ಬೇಕಾದ ಉತ್ತರ ಸಿಕ್ಕಿತು.

ನಾಲ್ಕು ದಿನ ಬಿಟ್ಟು ಇನ್ಯಾಸಪ್ಪ ಬಂದ. ಸ್ಟೂಲಿನ ಮೇಲೆ ಕೂರಲಿಲ್ಲ, ನಿಂತೇ ಇದ್ದ. ಉಪದೇಶಿಯ ಕೆಲಸ ಹೋಗಿತ್ತು, ಖೋಲಿ ಬಿಡಲು ಹೇಳಿದ್ದರು. ಆದರೆ ಅವನು ಕೇಳಲು ಬಂದದ್ದು ಬೇರೆ.

"ಗುಡುಸಾಬರ, ನಿಮಗ ನೆನಪಿರತೈತಿ. ಪ್ರೂಫಿನಾಗ ಏನ ಇತ್ತು? ನಾನು ಸಹಿತ ಅಂತ ಅಂಚಿನಾಗ ಬರದು ಹೊಡದು ಹಾಕಿದ್ದೆ. ಹೊಡಿಯೂದನ್ನ ಬಿಟ್ಟು ಇರೂದನ್ನ ಹೊಡದೆನೇನೋ. ಐದು ದಿನ ಆತು ನಿದ್ದಿಲ್ಲ. ನೀವು ಹೇಳ್ರಿ, ನಿಮ್ಮ ಮಾತು ನಂಬತೇನಿ."

ಹಾಳೆ ಆಗಲೂ ಗುಡುಸಾಬನ ಕಿಸೆಯಲ್ಲಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ದಿನಾಲೂ ಅಂಗಿಯಿಂದ ಅಂಗಿಗೆ ಬದಲಿಸುತ್ತಿದ್ದ. ಕುರ್ಚಿಯಲ್ಲಿ ನಿಜಲಿಂಗಪ್ಪ ಪೇಪರು ಓದುತ್ತ ಕಿವಿಗೊಟ್ಟಿದ್ದ.

"ಪ್ರೂಫಿನಾಗ ಇದ್ದಂಗ ಜೋಡಿಸೇನ್ರಿ," ಎಂದ ಗುಡುಸಾಬ.

ಇನ್ಯಾಸಪ್ಪ ತಲೆಯಾಡಿಸಿದ. "ಹಂಗಾರ ನಂದ ಕೈ ತಪ್ಪೇತಿ. ಬರ್ತೇನ್ರಿ." ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಗುಡುಸಾಬ ಬದುಕಿಕೊಳ್ಳುತ್ತಿದ್ದ.

ಪುಸ್ತಕಗಳನ್ನು ದೇವಾಲಯದ ಹಿತ್ತಲಲ್ಲಿ ಸುಟ್ಟರು. ಇನ್ಯಾಸಪ್ಪ ಹೆಂಡತಿಯನ್ನು ಕರೆದುಕೊಂಡು ಶಿರಹಟ್ಟಿಗೆ ಹೋಗಿ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತನೆಂದು ಖಬರ ಬಂತು. ಮತ್ತೆ ಒಂದು ಅಕ್ಷರ ಬರೆಯಲಿಲ್ಲವಂತೆ. ಯಾರಾದರೂ ಅರ್ಜಿ ಬರೆದುಕೊಡೆಂದರೆ, ನನ್ನ ಕೈ ಸರಿಯಿಲ್ಲ ಎನ್ನುತ್ತಿದ್ದನಂತೆ.

ಗುಡುಸಾಬನ ಹೆಂಡತಿ ರಸೂಲಬಿ ಒಮ್ಮೆ ಅಂಗಿ ಒಗೆಯುವಾಗ ಆ ಹಾಳೆ ಕಂಡು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಅವಳು ಅಂಗಿ ಹಿಂಡುತ್ತ, "ಹೋಗಿ ಹೇಳಿ ಬರ್ರಿ," ಎಂದಳು. ಬಕ್ರೀದ್ ಆಗಲಿ ಎಂದ. ಮೊಹರಂ ಮುಗಿಯಲಿ ಎಂದ. ಹೀಗೆ ಏಳು ವರ್ಷ ದಾಟಿದವು. ಇಲ್ಲಿಂದ ಶಿರಹಟ್ಟಿ ಎಷ್ಟು ದೂರ? ಬಸ್ಸಿಗೆ ಕುಳಿತರೆ ಒಂದು ತಾಸು. ಮನುಷ್ಯನ ಹೇಡಿತನಕ್ಕೆ ಒಂದು ತಾಸಿನ ದಾರಿಯೂ ಮುಗಿಯದ ದಾರಿಯೇ.

ಎಂಬತ್ನಾಲ್ಕರಲ್ಲಿ ಅವನ ಬೆರಳುಗಳು ನಡುಗತೊಡಗಿದವು. ನಿಜಲಿಂಗಪ್ಪ ಶಾಲು ಹೊದಿಸಿ ಕಳಿಸುವ ಕಾರ್ಯಕ್ರಮ ಇಟ್ಟ. ತಾನೇ ಮಾನಪತ್ರ ಬರೆದ. ಅದನ್ನು ಜೋಡಿಸುವವರು ಯಾರು? ಗುಡುಸಾಬನೇ ಜೋಡಿಸಬೇಕು, ತಪ್ಪಾಗಬಾರದಲ್ಲ! ಮೂರನೆಯ ಸಾಲಿಗೆ ಬಂದಾಗ ಅವನ ಕೈ ನಿಂತಿತು. 'ಮೂವತ್ತೈದು ವರ್ಷಗಳ ಪ್ರಮಾದರಹಿತ ಸೇವೆ.' ಆ ಶಬ್ದವನ್ನು ನಿಜಲಿಂಗಪ್ಪ ಎಲ್ಲಿಂದ ತಂದನೋ. ಸುಟ್ಟು ಹೋದ ಆ ಪುಸ್ತಕದ ಗಲಾಟೆಯಿಂದಲೇ ಅದು ಅವನ ತಲೆಯಲ್ಲಿ ಉಳಿದಿರಬೇಕು. ಗುಡುಸಾಬ 'ರ' ಖಾನೆಗೆ ಕೈ ಹಾಕಿದ, ಮೊಳೆ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು.

ಅವನು ನೆಟ್ಟಗೆ ಕುರ್ಚಿಯ ಹತ್ತಿರ ಹೋಗಿ ನಿಂತ. "ಧಣ್ಯಾರ, ಇದನ್ನ ಹಾಕಬ್ಯಾಡ್ರಿ. ಉಪದೇಶ್ಯಾರ ಪುಸ್ತಕದಾಗ ತಪ್ಪಿದಾಂವ ನಾನು."

ನಿಜಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಹುಚ್ಚಾ, ಶಾಲು ಹೊದಸ್ತಾರ ಅಂದಕೂಡ್ಲೆ ನಾಚಿಕಿ ಬಂತೇನು? ನೀ ತಪ್ಪಂಗಿಲ್ಲ. ನಾ ಹೇಳೇನಿ, ಆತು. ಹೋಗ, ಜೋಡಸ ಹೋಗ."

ಅವನು ಹೋಗಿ ಜೋಡಿಸಿದ. ಒಂದಕ್ಷರ ತಪ್ಪಲಿಲ್ಲ.

ಮರುದಿನ ಪ್ರೂಫಿನ ಹಾಳೆ ಕಿಸೆಯಲ್ಲಿಟ್ಟುಕೊಂಡು ಶಿರಹಟ್ಟಿಯ ಬಸ್ಸು ಹತ್ತಿದ. ಮಠದ ಹಿಂದಿನ ಓಣಿಯಲ್ಲಿ ಕೇಳಿ ಕೇಳಿ ಮನೆ ಹುಡುಕಿದ. ಅನ್ನವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇನ್ಯಾಸಪ್ಪ ಹೊರಸಿನ ಮೇಲೆ ಕುಳಿತಿದ್ದ, ಕೊರಳಲ್ಲಿ ಜಪಮಾಲೆ. ಎರಡೂ ಕಣ್ಣು ಹೋಗಿ ಎರಡು ವರ್ಷವಾಗಿತ್ತು.

"ಯಾರು?"

"ನಾನ್ರಿ ಉಪದೇಶ್ಯಾರ. ಗುಡುಸಾಬ."

ಕುರುಡನ ಮುಖ ಅರಳಿತು. "ಅನ್ನವ್ವಾ, ಚಾ ಇಡ! ಗದಗಿನ ಗುಡುಸಾಬರು ಬಂದಾರ. ಕುಂಡ್ರಿ, ಕುಂಡ್ರಿ."

ಗುಡುಸಾಬ ಕೂರಲಿಲ್ಲ. ನೆಲಕ್ಕೆ ಮೊಣಕಾಲೂರಿದ. ತಾನು ಹಾಗೆ ಮಾಡುತ್ತೇನೆಂದು ಅವನೂ ಎಣಿಸಿರಲಿಲ್ಲ. ಉದುರಿದ ಸಾಲಿನಿಂದ ಹಿಡಿದು ಕಿಸೆಗೆ ಇಳಿಸಿದ ಹಾಳೆಯವರೆಗೆ, ಆಡಿದ ಸುಳ್ಳಿನವರೆಗೆ, ಒಂದನ್ನೂ ಬಿಡದೆ ಹೇಳಿದ. ಮದುವೆ ಪತ್ರಿಕೆಯ 'ಸಹಿತ'ದ ಮಾತನ್ನೂ ಹೇಳಿದ.

ಇನ್ಯಾಸಪ್ಪ ತಡವರಿಸಿ ಅವನ ಭುಜ ಹುಡುಕಿ ಕೈಯಿಟ್ಟ.

"ನಿಮ್ಮ ಮನಸ ಬಾಳ ದೊಡ್ಡದ್ರಿ. ನನ್ನ ಸಂಕಟ ನೋಡಲಾರದ ನಿಮ್ಮ ತೆಲಿ ಮ್ಯಾಲ ಹಾಕ್ಕೊಳ್ಳಾಕ ಬಂದೀರಿ."

"ಅಲ್ರೀ! ಖರೇನ ನಾನ ತಪ್ಪೇನಿ. ಇಲ್ಲೆ ಐತಿ ನೋಡ್ರಿ ಪ್ರೂಫ. ನಿಮ್ಮ ಸಹಿ ಐತಿ." ಗುಡುಸಾಬ ಹಾಳೆಯನ್ನು ಅವನ ಕೈಗಿಟ್ಟ.

ಇನ್ಯಾಸಪ್ಪ ಹಾಳೆಯ ಮೇಲೆ ಬೆರಳಾಡಿಸಿದ. ಮಡಿಕೆಯಲ್ಲಿ ಅದು ಹರಿದು ನಾಲ್ಕು ತುಂಡಾಗುವಂತಿತ್ತು. "ಗುಡುಸಾಬರ, ಒಂದು ಹಾಳಿ ಛಾಪಿಸಾಕ ನಿಮಗೆಷ್ಟೊತ್ತು? ಪ್ರೂಫ ಒಲಿಗೆ ಹೋತು ಅಂತ ನೀವ ಅಂದಿದ್ದಿರಂತ."

"ಅದು ಸುಳ್ಳ ಹೇಳಿದ್ದೆ! ಅನ್ನವ್ವಾರ, ನೀವರ ನೋಡ್ರಿ, ಇದು ಅವರ ಸಹಿ ಹೌದಲ್ಲೋ?"

ಅನ್ನವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನನಗ ಓದಾಕ ಬರಂಗಿಲ್ಲಲ್ರಿ ಅಣ್ಣಾ," ಎಂದಳು.

"ಅಲ್ಲಾನ ಆಣೆ ಮಾಡಿ ಹೇಳತೇನ್ರಿ ಉಪದೇಶ್ಯಾರ."

"ಆಣೆ ಮಾಡಬ್ಯಾಡ್ರಿ." ಇನ್ಯಾಸಪ್ಪನ ದನಿ ಮೊದಲ ಸಲ ಗಡುಸಾಯಿತು. "ಏಳು ವರ್ಷ ಆತು, ಪ್ರತಿ ಸಲ ಪಾಪ ಹೇಳಿಕೊಳ್ಳುವಾಗೂ ಇದನ್ನ ಹೇಳಿಕೊಂಡೇನಿ. ನನ್ನ ಗರ್ವದಿಂದ ಕೈ ತಪ್ಪಿತು ಅಂತ. ಉಪಾಸ ಮಾಡೇನಿ. ಬರಿಯೂದು ಬಿಟ್ಟೇನಿ. ಕಣ್ಣು ಹೋದಾಗೂ, ಅದಕ್ಕ ಹೋದೂ ಅಂತ ಸಮಾಧಾನ ಮಾಡಿಕೊಂಡೇನಿ. ಈಗ ಬಂದು ಅದು ನಂದಲ್ಲ ಅಂದ್ರ, ಏಳು ವರ್ಷ ನಾನು ಏನ ಮಾಡಿದಂಗಾತು? ಹೇಳ್ರಿ."

ಗುಡುಸಾಬ ಅವನ ಕಾಲು ಹಿಡಿದುಕೊಂಡ. "ಕ್ಷಮಾ ಮಾಡೇನಿ ಅಂತ ಒಂದ ಮಾತ ಅನ್ರಿ. ಅಷ್ಟ ಸಾಕು."

"ನೀವು ತಪ್ಪ ಮಾಡಿದ್ರ ಅಂತಿದ್ದೆ," ಎಂದ ಇನ್ಯಾಸಪ್ಪ, ಮೆತ್ತಗೆ. "ನೀವು ತಪ್ಪಂಗಿಲ್ಲ. ಇಡೀ ಗದಗಿಗೆ ಗೊತ್ತೈತಿ. ಏನಂತ ಕ್ಷಮಾ ಮಾಡ್ಲಿ? ಏಳ್ರಿ, ಚಾ ಆರತೈತಿ."

ಗುಡುಸಾಬ ಎದ್ದ. ಚಹಾ ಕುಡಿದ. ಇನ್ಯಾಸಪ್ಪ ಹಾಳೆಯನ್ನು ಮಡಿಚಿ ಅವನಿಗೇ ತಿರುಗಿ ಕೊಟ್ಟ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಾಗ ಅವನಿಗೆ ರೋಮಿನ ಜಗದ್ಗುರುಗಳ ನೆನಪಾಯಿತು. ಅವರ ಮಾತು ಕೇಳಲು ಯಾರೋ ಒಬ್ಬ ಸಾದಾ ಸ್ವಾಮಿಗಳಾದರೂ ಇದ್ದಾರೆ. ಕೇಳಿ, ಕ್ಷಮಾ ಆತು ಏಳ್ರಿ ಎನ್ನುತ್ತಾರೆ. ಇನ್ಯಾಸಪ್ಪನೂ ಏಳ್ರಿ ಅಂದನಲ್ಲ. ಆದರೆ ಚಹಾಕ್ಕೆ.

ಗದುಗಿನ ಕಡೆಯ ಒಬ್ಬ ಗೌಡರು ಅವನನ್ನು ಗುರುತು ಹಿಡಿದು ಪಕ್ಕಕ್ಕೆ ಬಂದು ಕುಳಿತರು. ಕಿಸೆಯಿಂದ ಮಗನ ಮದುವೆಯ ಪತ್ರಿಕೆಯ ಪ್ರೂಫು ತೆಗೆದು, "ಭೇಷ್ ಆತು ಸಿಕ್ಕಿರಿ. ಒಮ್ಮೆ ಕಣ್ಣಾಡಿಸಿ ಕೊಡ್ರಿ. ನೀವು ನೋಡಿದ್ರಿ ಅಂದ್ರ ಮುಗೀತು," ಎಂದರು.

ಗುಡುಸಾಬ ಪತ್ರಿಕೆ ಹಿಡಿದು ಓದಿದ. 'ತಾವು ಬಂಧುಮಿತ್ರರ ಸಹಿತ ಆಗಮಿಸಿ.' ಆ ಸಾಲನ್ನು ಮತ್ತೊಮ್ಮೆ ಓದಿದ. ಬಸ್ಸು ಬಂದು ನಿಂತಿತು, ಮಂದಿ ನುಗ್ಗಿದರು.

"ತಪ್ಪೇನರ ಐತೇನ್ರಿ?" ಎಂದು ಗೌಡರು ಕೇಳಿದರು.

"ಇಲ್ರಿ," ಎಂದ ಗುಡುಸಾಬ. "ತಪ್ಪಿಲ್ಲ."